ಐದು ತಿಂಗಳಿಂದ ಕಾಂಟ್ರಾಕ್ಟ್ ಇಲ್ಲ. ಪರ್ಮನೆಂಟ್ ಆಫರ್ ಒಪ್ಪಿಕೊಳ್ಳಲಾ?

ಖಾಲಿ ಕ್ಯಾಲೆಂಡರ್
ಒಂಬತ್ತು ವರ್ಷದಿಂದ ಕಾಂಟ್ರಾಕ್ಟ್ ಮೇಲೇ ಬದುಕಿದ್ದೇನೆ. ಸಾಫ್ಟ್‌ವೇರ್ ಕೆಲಸ: ಜಾವಾ, ಜೊತೆಗೆ ಸ್ವಲ್ಪ ಕ್ಲೌಡ್. ಮೊದಲೆಲ್ಲ ಒಂದು ಪ್ರಾಜೆಕ್ಟ್ ಮುಗಿಯುವ ಮುಂಚೆಯೇ ಇನ್ನೊಂದಕ್ಕೆ ಫೋನ್ ಬರುತ್ತಿತ್ತು. ಎರಡು ವಾರಕ್ಕಿಂತ ಜಾಸ್ತಿ ಸುಮ್ನೆ ಕೂತ ನೆನಪಿಲ್ಲ. ಈ ಸಲ ಐದು ತಿಂಗಳಾಯಿತು. ಎಪ್ಪತ್ತು ಕಡೆ ಅರ್ಜಿ ಹಾಕಿದೆ, ಮಾತಿಗೆ ಕರೆದವರು ನಾಲ್ಕೇ ಜನ. ಒಬ್ಬ ಏಜೆಂಟ್ ರೇಟನ್ನು ಕಾಲುಭಾಗ ಇಳಿಸಿದ. ಹೂಂ ಅಂದೆ. ಆಮೇಲೆ ಆ ಕೆಲಸವೇ ಹೋಲ್ಡ್ ಆಯಿತು.

ಈಗ ಒಂದು ಪರ್ಮನೆಂಟ್ ಆಫರ್ ಕೈಯಲ್ಲಿದೆ. ವರ್ಷಕ್ಕೆ ನನ್ನ ಹಳೇ ಗಳಿಕೆಯ 70 ಪರ್ಸೆಂಟ್. ಕೆಲಸ ಬಿಡಬೇಕೆಂದರೆ ನೋಟಿಸ್ ಮೂರು ತಿಂಗಳು. ಶುಕ್ರವಾರದೊಳಗೆ ಉತ್ತರ ಕೊಡಬೇಕು. ಉಳಿತಾಯ ಇನ್ನು ನಾಲ್ಕು ತಿಂಗಳಿಗೆ ಸಾಕು. ಏನು ಮಾಡಲಿ?

ಡೇರೇಟ್ ದಾಸ
ಒಪ್ಪಬೇಡಿ. ಮಾರ್ಕೆಟ್ ಬಿದ್ದಾಗ ಮೊದಲು ಹೋಗುವುದು ಕಾಂಟ್ರಾಕ್ಟ್, ಎದ್ದಾಗ ಮೊದಲು ಬರುವುದೂ ಕಾಂಟ್ರಾಕ್ಟೇ. ಕಂಪನಿಗಳಿಗೆ ಕೆಲಸ ಇರುತ್ತದೆ, ಆದರೆ ಖಾಯಂ ಆಳು ತೆಗೆದುಕೊಳ್ಳಲು ಧೈರ್ಯ ಇರುವುದಿಲ್ಲ. ಆಗ ನಮ್ಮನ್ನೇ ಕರೆಯುತ್ತಾರೆ. ಇನ್ನು ನಾಲ್ಕು ತಿಂಗಳು ತಡೆಯಿರಿ. 70 ಪರ್ಸೆಂಟ್‌ಗೆ ಒಮ್ಮೆ ಸಹಿ ಹಾಕಿದರೆ ಮುಂದೆ ಎಲ್ಲರೂ ಅಲ್ಲಿಂದಲೇ ಚೌಕಾಸಿ ಶುರು ಮಾಡುತ್ತಾರೆ.

ಎಕ್ಸೆಲ್ ಭಕ್ತ
ಮೊದಲು ಲೆಕ್ಕ ಹಾಕೋಣ. ದಿನದ ರೇಟ್ 100 ಅಂತ ಇಟ್ಟುಕೊಳ್ಳಿ. ಶನಿವಾರ, ಭಾನುವಾರ ಬಿಟ್ಟರೆ ವರ್ಷಕ್ಕೆ 261 ದಿನ. ರಜೆ, ಜ್ವರ, ನೆಗಡಿ ಎಲ್ಲ ಕಳೆದರೆ ಬಿಲ್ ಮಾಡುವುದು ಸುಮಾರು 220 ದಿನ. ಅಂದರೆ 22,000. ಇದರಲ್ಲಿ ವಿಮೆ, ನಿವೃತ್ತಿ ದುಡ್ಡು, ಲೆಕ್ಕಪತ್ರದವರ ಫೀ, ಲ್ಯಾಪ್‌ಟಾಪ್, ಕೋರ್ಸು ಅಂತ 15 ಪರ್ಸೆಂಟ್ ತೆಗೆಯಿರಿ. ಉಳಿಯುವುದು 18,700. ಆಫರ್ 15,400. ನೀವು ಹೋಲಿಸಬೇಕಾದದ್ದು ಇವೆರಡನ್ನು. 22,000 ಅನ್ನುವುದು ಮನಸ್ಸಿನಲ್ಲಿ ಮಾತ್ರ ಇರುವ ಸಂಖ್ಯೆ.

ಅಂದರೆ ವರ್ಷಕ್ಕೆ ಎರಡು ತಿಂಗಳು ಖಾಲಿ ಕೂತರೆ ಎರಡೂ ಸಮ. ನೀವು ಆಗಲೇ ಐದು ಕೂತಿದ್ದೀರಿ. ಜೊತೆಗೆ ಕಾಲುಭಾಗ ಇಳಿದ ರೇಟಿಗೂ ತಲೆಯಾಡಿಸಿದ್ದೀರಿ. ನಾಳೆಯೇ ಆ ರೇಟಿಗೆ ಕೆಲಸ ಸಿಕ್ಕರೂ ಈ ವರ್ಷದ ಉಳಿದ ಏಳು ತಿಂಗಳಿಗೆ, ಖರ್ಚು ಕಳೆಯುವ ಮೊದಲೇ, ಬರುವುದು 9,600ರ ಆಸುಪಾಸು.

ಹಳೇ ಕೋಬಾಲ್
ದಾಸರ ಮಾತು ಅರ್ಧ ನಿಜ. ಕಾಂಟ್ರಾಕ್ಟ್ ಮೊದಲು ಬರುತ್ತದೆ, ಸರಿ. ಯಾವಾಗ ಅನ್ನುವುದೇ ಪ್ರಶ್ನೆ.

2000 ಬಂದಾಗ ಕಂಪ್ಯೂಟರ್‌ಗಳು ಅದನ್ನು 1900 ಅಂದುಕೊಂಡು ಕೆಡಬಾರದು ಅಂತ 1999ರಲ್ಲಿ ನಾನು ರಾತ್ರಿ ಹಗಲು ಹಳೇ ಪ್ರೋಗ್ರಾಂಗಳಲ್ಲಿ ಎರಡಂಕಿಯ ಇಸವಿಯನ್ನು ನಾಲ್ಕಂಕಿ ಮಾಡುತ್ತಿದ್ದೆ. ಕೇಳಿದಷ್ಟು ರೇಟ್ ಕೊಟ್ಟರು. 2000ದ ಜನವರಿ ಬಂತು, ಏನೂ ಆಗಲಿಲ್ಲ, ಕೆಲವೇ ವಾರದಲ್ಲಿ ನಮ್ಮ ಟೀಮಿನ ಕುರ್ಚಿಗಳೆಲ್ಲ ಖಾಲಿ. ಪರವಾಗಿಲ್ಲ, ವೆಬ್ ಕೆಲಸ ಇದೆಯಲ್ಲ ಅಂದುಕೊಂಡೆವು. ಆ ಮಾರ್ಚ್‌ನಲ್ಲಿ ತುದಿ ಮುಟ್ಟಿದ ನಾಸ್‌ಡಾಕ್ (ಟೆಕ್ ಕಂಪನಿಗಳೇ ಹೆಚ್ಚಿರುವ ಅಮೆರಿಕದ ಷೇರು ಸೂಚ್ಯಂಕ) 2002ರ ಅಕ್ಟೋಬರ್ ಹೊತ್ತಿಗೆ ಮುಕ್ಕಾಲು ಪಾಲಿಗಿಂತ ಜಾಸ್ತಿ ಕರಗಿತ್ತು. ನಾನು ಹದಿನಾಲ್ಕು ತಿಂಗಳು ಕಾದೆ. ಪ್ರತಿ ತಿಂಗಳೂ "ಮುಂದಿನ ತಿಂಗಳು" ಅಂತಲೇ ಕಾದೆ. ಕೂತು ಉಂಡರೆ ಕುಡಿಕೆ ಹೊನ್ನು ಸಾಲದು ಅಂತ ಅಮ್ಮ ಹೇಳಿದ್ದನ್ನು ಕೇಳಿಸಿಕೊಳ್ಳಲಿಲ್ಲ. ಕೊನೆಗೆ ಕೈ ಬರಿದಾದ ಮೇಲೆ ಸಿಕ್ಕ ಪರ್ಮನೆಂಟ್ ಕೆಲಸಕ್ಕೆ ಸೇರಿದೆ. ಚೌಕಾಸಿ ಮಾಡುವ ಸ್ಥಿತಿಯಲ್ಲೇ ಇರಲಿಲ್ಲ. 2008ರಲ್ಲಿ ಮತ್ತೆ ಹಾಗೇ ಆದಾಗ ಎರಡನೇ ತಿಂಗಳಿಗೇ ಸೇರಿಕೊಂಡೆ. ಹೊಟ್ಟೆ ತುಂಬಿದ್ದಾಗ ಮಾತಾಡುವ ರೀತಿಯೇ ಬೇರೆ.

ಡೇರೇಟ್ ದಾಸ
ಪರ್ಮನೆಂಟ್ ಅನ್ನುವುದು ಹೆಸರಿಗೆ ಮಾತ್ರ ಸ್ವಾಮಿ. 2022ರ ನವೆಂಬರ್‌ನಲ್ಲಿ ಮೆಟಾ 11,000 ಜನರನ್ನು ಕಳಿಸಿತು. ಎರಡೇ ತಿಂಗಳಲ್ಲಿ ಗೂಗಲ್ 12,000. ಅವರೆಲ್ಲ ಪರ್ಮನೆಂಟೇ ಅಲ್ವಾ?

ಎಕ್ಸೆಲ್ ಭಕ್ತ
ಹೌದು. ಆದರೆ ಎರಡೂ ಕಂಪನಿ ಅಮೆರಿಕದ ನೌಕರರಿಗೆ 16 ವಾರದ ಸಂಬಳ ಕೊಟ್ಟವು, ಮೇಲೆ ಸೇವೆಯ ಪ್ರತಿ ವರ್ಷಕ್ಕೆ ಎರಡು ವಾರ. ನಿಮ್ಮ ಕೊನೇ ಕಾಂಟ್ರಾಕ್ಟ್ ನಿಂತಾಗ ಎಷ್ಟು ವಾರ ಕೊಟ್ಟರು?

ಡೇರೇಟ್ ದಾಸ
ಲ್ಯಾಪ್‌ಟಾಪ್ ವಾಪಸ್ ಕಳಿಸಲು ಕೊರಿಯರ್ ಚೀಟಿ ಕೊಟ್ಟರು.

ಎರಡೂ ಕಡೆ ಇದ್ದವಳು
ದುಡ್ಡಿನ ಮಾತು ಆಯಿತು. ಒಳಗೆ ಹೋದ ಮೇಲೆ ಏನಾಗುತ್ತದೆ ಅಂತ ಹೇಳುತ್ತೇನೆ. ಏಳು ವರ್ಷ ಕಾಂಟ್ರಾಕ್ಟ್ ಮಾಡಿ ಪರ್ಮನೆಂಟ್ ಆದವಳು ನಾನು.

ಮೊದಲ ವಾರವೇ ಮೀಟಿಂಗ್‌ನಲ್ಲಿ ಬಿಲ್ಡ್ (ಬರೆದ ಕೋಡನ್ನು ಓಡುವ ಪ್ರೋಗ್ರಾಂ ಮಾಡುವ ಹಂತ) ಯಾಕೆ ನಿಧಾನ ಅಂತ ಪಟ್ಟಿ ಮಾಡಿ ಹೇಳಿದೆ. ಕಾಂಟ್ರಾಕ್ಟ್‌ನಲ್ಲಿ ಅದಕ್ಕೇ ಅಲ್ವಾ ದುಡ್ಡು ಕೊಡುವುದು? ಎಲ್ಲರೂ ನೆಲ ನೋಡಿದರು. ಆ ಬಿಲ್ಡ್ ಮಾಡುವ ಸ್ಕ್ರಿಪ್ಟ್ ಬರೆದವನು ನನ್ನ ಪಕ್ಕದಲ್ಲೇ ಕೂತಿದ್ದ. ಅವನ ಜೊತೆ ಇನ್ನೂ ಮೂರು ವರ್ಷ ಕೆಲಸ ಮಾಡಬೇಕು ಅನ್ನುವುದು ನನ್ನ ತಲೆಗೇ ಬಂದಿರಲಿಲ್ಲ. ಆಮೇಲೆ ಗುರಿಗಳ ಫಾರ್ಮ್ ಬಂತು. "ಮುಂದಿನ ವರ್ಷ ನೀವು ಹೇಗೆ ಬೆಳೆಯುತ್ತೀರಿ" ಅನ್ನುವ ಖಾನೆ ಮುಂದೆ ಅರ್ಧ ದಿನ ಕೂತಿದ್ದೆ.

ಆದರೆ ಒಂದು ಸಂಗತಿ ನಾನು ಅಂದುಕೊಂಡಿರಲಿಲ್ಲ. ಕಾಂಟ್ರಾಕ್ಟ್‌ನಲ್ಲಿ ನಾನು ಬರೆದ ಕೋಡಿಗೆ ಎರಡನೇ ಹುಟ್ಟುಹಬ್ಬ ಆಗಿದ್ದನ್ನು ನೋಡಿಯೇ ಇರಲಿಲ್ಲ. ಇಲ್ಲಿ ನಾನೇ ಜಾಣತನದಿಂದ ಬರೆದಿದ್ದ ಒಂದು ಕ್ಯಾಶ್ (ಪದೇ ಪದೇ ಬೇಕಾಗುವ ಡೇಟಾವನ್ನು ಕೈಗೆಟುಕುವ ಹಾಗೆ ಇಟ್ಟುಕೊಳ್ಳುವ ಕೋಡು) ಎರಡು ವರ್ಷದ ನಂತರ ಬೆಳಗಿನ ಜಾವ ಮೂರಕ್ಕೆ ನನ್ನನ್ನೇ ಎಬ್ಬಿಸಿತು. ಬೈಯಲು ಬೇರೆ ಯಾರೂ ಇರಲಿಲ್ಲ. ಈಗ ನಾನು ಬರೆಯುವುದೇ ಬೇರೆ ಥರ.

ಇಂಟರ್ವ್ಯೂ ಮಾಡುವವ
ಮೇಜಿನ ಈಚೆ ಕಡೆಯಿಂದ ಒಂದು ಮಾತು. ಕಾಂಟ್ರಾಕ್ಟರ್ ರೆಸ್ಯೂಮೆ ನೋಡಿದಾಗ ಕೆಲಸ ಬರುತ್ತದೋ ಇಲ್ಲವೋ ಅನ್ನುವ ಅನುಮಾನ ನನಗೆ ಬರುವುದಿಲ್ಲ. ಮಾರ್ಕೆಟ್ ಎದ್ದ ದಿನ ಹೋಗುತ್ತಾರಾ ಅನ್ನುವುದೇ ಭಯ. ಹಿಂದಿನ ಸಲ ಇಬ್ಬರನ್ನು ಸೇರಿಸಿಕೊಂಡೆ, ಏಳು ತಿಂಗಳಿಗೆ ಇಬ್ಬರೂ ಹೊರಟರು. ಒಬ್ಬ ಸಿಸ್ಟಂ ಕಲಿತು ಕೈಗೆ ಬರಲು ಆರು ತಿಂಗಳು ಬೇಕು. ನಷ್ಟ ಯಾರದು ಹೇಳಿ.

ಹಾಗಾಗಿ ಈಗ ನೇರವಾಗಿ ಕೇಳುತ್ತೇನೆ. ಬಹಳ ಜನ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಉತ್ತರ ಕೊಡುತ್ತಾರೆ. "ಸ್ಥಿರತೆ ಬೇಕು ಸರ್" ಅಂತ. ನಂಬಿಕೆ ಬರುವುದಿಲ್ಲ. ಒಬ್ಬಳು ಮಾತ್ರ "ಎರಡು ವರ್ಷ ಇರುತ್ತೇನೆ, ಪೇಮೆಂಟ್ ಸಿಸ್ಟಂ ಪೂರ್ತಿ ಬದಲಾಯಿಸುವುದನ್ನು ಮೊದಲಿಂದ ಕೊನೆವರೆಗೆ ಒಮ್ಮೆ ಮಾಡಬೇಕು" ಅಂದಳು. ಅವಳನ್ನೇ ತೆಗೆದುಕೊಂಡೆ.

ಡೇರೇಟ್ ದಾಸ
ಕಂಪನಿ ಮಾತ್ರ ಎರಡು ವರ್ಷ ಇಟ್ಟುಕೊಳ್ಳುತ್ತೇವೆ ಅಂತ ಬರೆದು ಕೊಡುತ್ತದಾ?

ಇಂಟರ್ವ್ಯೂ ಮಾಡುವವ
ಕೊಡುವುದಿಲ್ಲ. ಆ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ.

ಎರಡೂ ಕಡೆ ಇದ್ದವಳು
ಖಾಲಿ ಕ್ಯಾಲೆಂಡರ್, ಸಂಬಳಕ್ಕಿಂತ ಆ ನೋಟಿಸ್ ಕಡೆ ಗಮನ ಕೊಡಿ. ಕಾಂಟ್ರಾಕ್ಟ್ ಕೊಡುವವರಿಗೆ ಎರಡು ವಾರದಲ್ಲಿ ಆಳು ಬೇಕು. ಮೂರು ತಿಂಗಳು ಕಾಯುವವರು ಯಾರೂ ಇಲ್ಲ. ಆ ಒಂದು ಸಾಲು ನಿಮ್ಮ ವಾಪಸ್ ದಾರಿಗೆ ಬೇಲಿ ಹಾಕುತ್ತದೆ. ಪ್ರೊಬೇಷನ್‌ನಲ್ಲಿ ಎಷ್ಟು ನೋಟಿಸ್ ಅಂತ ಕೇಳಿ. ಮನೆಯಲ್ಲಿ ಕೂತು ನಿಮ್ಮ ಬಿಡುವಿನಲ್ಲಿ ಬರೆದ ಕೋಡೂ ಕಂಪನಿಯದ್ದಾ ಅಂತ ಓದಿ ನೋಡಿ. ಸಹಿ ಹಾಕುವ ಮೊದಲೇ ಕೇಳಬೇಕು ಇದನ್ನೆಲ್ಲ.

ಹಳೇ ಕೋಬಾಲ್
ದಾಸರೇ, ಬೇಜಾರು ಮಾಡಿಕೊಳ್ಳಬೇಡಿ. ನೀವು ಈಗ ಕಾಂಟ್ರಾಕ್ಟ್‌ನಲ್ಲಿ ಇದ್ದೀರಾ?

ಡೇರೇಟ್ ದಾಸ
ಈ ತಿಂಗಳ ಕೊನೆವರೆಗೆ ಇದೆ. ಎಕ್ಸ್‌ಟೆನ್ಶನ್ ಮಾತು ನಡೆಯುತ್ತಿದೆ.

ಖಾಲಿ ಕ್ಯಾಲೆಂಡರ್
ಶುಕ್ರವಾರದ ವರದಿ. ಸಂಬಳ ಒಂದು ಪೈಸೆಯೂ ಜಾಸ್ತಿ ಮಾಡಲಿಲ್ಲ. ಪ್ರೊಬೇಷನ್‌ನಲ್ಲಿ ನೋಟಿಸ್ ಒಂದು ತಿಂಗಳೇ ಅಂತೆ, ನಾನೇ ಸರಿಯಾಗಿ ಓದಿರಲಿಲ್ಲ. ಆಮೇಲಿನದನ್ನು ಎರಡಕ್ಕೆ ಇಳಿಸಿದರು. ಮಾರ್ಕೆಟ್ ಎದ್ದರೆ ಹೋಗುತ್ತೀರಾ ಅಂತ ಮ್ಯಾನೇಜರ್ ಕೇಳಿಯೇ ಬಿಟ್ಟರು. ಒಂದೂವರೆ ವರ್ಷ ಖಂಡಿತ ಇರುತ್ತೇನೆ, ಆಮೇಲಿನದು ಈಗ ಹೇಳಿದರೆ ಸುಳ್ಳಾಗುತ್ತದೆ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಸರಿ ಅಂದರು. ಸಹಿ ಹಾಕಿದೆ.

ಸಂಜೆ ಆ ಹೋಲ್ಡ್ ಆದ ಕೆಲಸದ ಏಜೆಂಟ್ ಫೋನ್ ಮಾಡಿದ. ಮತ್ತೆ ತೆರೆದಿದೆಯಂತೆ, ಅದೇ ಇಳಿಸಿದ ರೇಟ್. ಬೇಡ ಅಂದೆ. ದಾಸರೇ, ನಿಮ್ಮದು ಯಾವ ಸ್ಕಿಲ್?

ಡೇರೇಟ್ ದಾಸ
ಜಾವಾ. ನಂಬರ್ ಮೆಸೇಜ್ ಮಾಡಿ.