ಜನ ಸೇರಿದ ಕಡೆ ಲೈವ್ ಕೊಟ್ಟರೆ ಚಿತ್ರ ನಿಲ್ಲುತ್ತೆ, ಕಿವಿಯಲ್ಲಿ ನಮ್ಮದೇ ದನಿ ವಾಪಸ್: ತಪ್ಪು ಎಲ್ಲಿದೆ?

ಜಿಲ್ಲಾ_ಕ್ಯಾಮೆರಾ:
ನ್ಯೂಸ್ ಚಾನೆಲ್‌ಗೆ ಜಿಲ್ಲಾ ಕೇಂದ್ರದಿಂದ ಬ್ಯಾಕ್‌ಪ್ಯಾಕ್‌ನಲ್ಲಿ (ಹಲವು ಮೊಬೈಲ್ ಸಿಮ್ ಒಟ್ಟಿಗೆ ಬಳಸಿ ಚಿತ್ರ ಕಳಿಸುವ ಬೆನ್ನಚೀಲದ ಯೂನಿಟ್) ಲೈವ್ ಕೊಡ್ತೀವಿ. ಕ್ಯಾಮೆರಾದಿಂದ ಎಸ್‌ಡಿಐ ಕೇಬಲ್ (ಚಿತ್ರ, ದನಿ ಒಟ್ಟಿಗೆ ಒಯ್ಯುವುದು), ಯೂನಿಟ್‌ನಲ್ಲಿ 6 ಸಿಮ್ (4 ಒಂದೇ ಕಂಪನಿಯವು, 2 ಇನ್ನೊಂದರವು), ಡಿಲೇ 1 ಸೆಕೆಂಡ್, ಬಿಟ್‌ರೇಟ್ ಮಿತಿ 8 ಎಂಬಿಪಿಎಸ್. ಬೆಳಿಗ್ಗೆ ಖಾಲಿ ಮೈದಾನದಲ್ಲಿ ಟೆಸ್ಟ್ ಚೆನ್ನಾಗಿ ಬರುತ್ತೆ. ಜಾತ್ರೆಯೋ ಸಮಾವೇಶವೋ ತುಂಬಿದ ಮೇಲೆ ಚಿತ್ರ ಚೌಕ ಚೌಕವಾಗಿ ಒಡೆದು ನಿಂತುಬಿಡುತ್ತೆ. ಆದರೆ ಸಿಗ್ನಲ್ ಕಡ್ಡಿ ಪೂರ್ತಿ ಇರುತ್ತೆ! ಜೊತೆಗೆ ವರದಿಗಾರರ ಕಿವಿಯಲ್ಲಿ ಅವರ ಮಾತೇ ತಡವಾಗಿ ವಾಪಸ್ ಬಂದು ಮಾತು ತೊದಲುತ್ತೆ. ಸ್ಟುಡಿಯೋದವರು ಫೀಲ್ಡ್ ಕಡೆ ಕೈ ತೋರಿಸ್ತಾರೆ, ನಾವು ಅವರ ಕಡೆ.

ಲಿಂಕ್_ರೂಮ್:
ಚಿತ್ರದ ವಿಷಯ ಮೊದಲು. ಕಡ್ಡಿ ತೋರಿಸೋದು ಟವರ್‌ನಿಂದ ನಿಮಗೆ ಬರುವ ಸಿಗ್ನಲ್ಲಿನ ಬಲ. ನಿಮಗೆ ಬೇಕಿರೋದು ನಿಮ್ಮಿಂದ ಟವರ್‌ಗೆ ಹೋಗುವ ದಾರಿ. ಸಾವಿರಾರು ಜನ ಒಟ್ಟಿಗೆ ವಿಡಿಯೋ ಅಪ್‌ಲೋಡ್ ಮಾಡುವಾಗ ತುಂಬಿಹೋಗೋದು ಅದೇ ದಾರಿ, ಅದು ಕಡ್ಡಿಯಲ್ಲಿ ಕಾಣಲ್ಲ.

ಒಂದೇ ಕಂಪನಿಯ 4 ಸಿಮ್ ಅಂದ್ರೆ ಸಾಮಾನ್ಯವಾಗಿ ನಾಲ್ಕೂ ಅದೇ ಟವರ್‌ಗೇ ಜೋತುಬೀಳ್ತವೆ. ಟವರ್ ತುಂಬಿದರೆ ನಾಲ್ಕೂ ಒಟ್ಟಿಗೇ ಮಲಗ್ತವೆ. ಜಿಯೋ, ಏರ್‌ಟೆಲ್, ವಿಐ ಎರಡೆರಡು ಹಾಕಿ. ಆ ಜಾಗದಲ್ಲಿ ಬಿಎಸ್‌ಎನ್‌ಎಲ್ 4ಜಿ ಇದ್ದರೆ ಒಂದನ್ನು ಅದಕ್ಕೆ ಬಿಡಿ. ಅದಕ್ಕಿಂತ ಒಳ್ಳೇದು: ಹತ್ತಿರದ ಅಂಗಡಿಯಲ್ಲೋ ದೇವಸ್ಥಾನದ ಕಚೇರಿಯಲ್ಲೋ ಫೈಬರ್ ಇಂಟರ್ನೆಟ್ ಇದ್ದರೆ, ಕೇಳಿಕೊಂಡು ಲ್ಯಾನ್ ಕೇಬಲ್ ಎಳೆದು ಯೂನಿಟ್‌ಗೆ ಚುಚ್ಚಿ. ಜನಜಂಗುಳಿಗೂ ಆ ತಂತಿಗೂ ಸಂಬಂಧವೇ ಇಲ್ಲ.

8 ಎಂಬಿಪಿಎಸ್ ಯಾಕೆ? ನಿಂತು ಮಾತಾಡುವ ವರದಿಗಾರರಿಗೆ ಎಚ್‌ಇವಿಸಿಯಲ್ಲಿ (ವಿಡಿಯೋ ಕುಗ್ಗಿಸುವ ವಿಧಾನ) 3 ಸಾಕು. ಡಿಲೇ 3 ಸೆಕೆಂಡಿಗೆ ಏರಿಸಿ. ದಾರಿಯಲ್ಲಿ ಕಳೆದ ಪ್ಯಾಕೆಟ್ ಮತ್ತೆ ಕಳಿಸೋಕೆ ಯೂನಿಟ್‌ಗೆ ಸಿಗುವ ಸಮಯ ಅದೊಂದೇ. 1 ಸೆಕೆಂಡಲ್ಲಿ ಅದು ಮುಗಿಯಲ್ಲ. ಆ್ಯಂಕರ್ ಪ್ರಶ್ನೆ ಕೇಳಿದ ಮೇಲೆ ಮೌನ ಜಾಸ್ತಿ ಆಗುತ್ತೆ, ಆಗಲಿ. ನಿಂತ ಚಿತ್ರಕ್ಕಿಂತ ವಾಸಿ.

ಬ್ಯಾಗನ್ನು ಕಾರೊಳಗೆ, ನೆಲದ ಮೇಲೆ ಇಡಬೇಡಿ. ಜನರ ಮೈಯೂ ಸಿಗ್ನಲ್ ತಡೆಯುತ್ತೆ. ಮಹಡಿ ಅಥವಾ ವೇದಿಕೆಯಂಥ ಎತ್ತರದ ಜಾಗ ನೋಡಿ, ಬಿಸಿಲಿಗೆ ಬಿಡದೆ. ಕಾದರೆ ಮೋಡೆಮ್‌ಗಳು ತಾವಾಗೇ ನಿಧಾನ ಆಗ್ತವೆ.

ಆಡಿಯೋ_ಡೆಸ್ಕ್:
ದನಿಯ ಜಗಳಕ್ಕೆ ಸುಲಭ ಪರೀಕ್ಷೆ ಇದೆ: ತನ್ನದೇ ದನಿ ಯಾರಿಗೆ ವಾಪಸ್ ಕೇಳುತ್ತೋ, ತಪ್ಪು ಅವರ ಎದುರು ತುದಿಯಲ್ಲಿ. ಇಲ್ಲಿ ಕೇಳ್ತಿರೋದು ವರದಿಗಾರರಿಗೆ. ಹಾಗಾಗಿ ಈ ಸಲ ಸ್ಟುಡಿಯೋದ್ದೇ.

ಪಿಸಿಆರ್‌ನಲ್ಲಿ (ಸ್ಟುಡಿಯೋದ ಕಂಟ್ರೋಲ್ ರೂಮ್) ಪ್ರೋಗ್ರಾಂ ಔಟನ್ನೇ (ಪ್ರಸಾರಕ್ಕೆ ಹೋಗುವ ಪೂರ್ತಿ ದನಿ) ಐಎಫ್‌ಬಿಗೆ (ವರದಿಗಾರರ ಕಿವಿಗೆ ಹೋಗುವ ಸಾಲು) ಕೊಟ್ಟಿರ್ತಾರೆ. ಅದರಲ್ಲಿ ಫೀಲ್ಡ್ ದನಿಯೂ ಇರುತ್ತೆ. ಕೊಡಬೇಕಾದ್ದು ಮಿಕ್ಸ್ ಮೈನಸ್: ಒಂದು ಆಕ್ಸ್ ಬಸ್ (ಆಡಿಯೋ ಮಿಕ್ಸರ್‌ನ ಪ್ರತ್ಯೇಕ ಔಟ್‌ಪುಟ್ ಸಾಲು) ತೆಗೆದುಕೊಂಡು ಆ್ಯಂಕರ್ ಮೈಕ್, ಉಳಿದ ಅತಿಥಿಗಳು, ವಿಟಿ (ಮೊದಲೇ ರೆಕಾರ್ಡ್ ಮಾಡಿದ ವರದಿ) ಎಲ್ಲ ಏರಿಸಿ, ಈ ವರದಿಗಾರರ ಚಾನೆಲ್ ಒಂದನ್ನು ಮಾತ್ರ ಪೂರ್ತಿ ಇಳಿಸೋದು. ಇಬ್ಬರು ವರದಿಗಾರರಿದ್ದರೆ ಎರಡು ಬಸ್ ಬೇಕು. ಒಂದೇ ಬಸ್ಸಿನಿಂದ ಇಬ್ಬರನ್ನೂ ತೆಗೆದರೆ ಅವರಿಗೆ ಪರಸ್ಪರ ಕೇಳಿಸಲ್ಲ. ಚರ್ಚೆ ಕಾರ್ಯಕ್ರಮದಲ್ಲಿ ಒಬ್ಬರ ಮೇಲೊಬ್ಬರು ಮಾತಾಡೋಕೆ ಇದೂ ಒಂದು ಕಾರಣ (ಬೇರೆ ಕಾರಣಗಳು ತಾಂತ್ರಿಕ ಅಲ್ಲ).

ಆ್ಯಂಕರ್‌ಗೆ ಅವರದೇ ದನಿ ಕೇಳಿದರೆ ಮಾತ್ರ ನಿಮ್ಮ ಕಡೆ ಹುಡುಕಿ: ಇಯರ್‌ಪೀಸ್ ಜೋರಾಗಿದೆಯಾ, ಫೋನ್ ಸ್ಪೀಕರ್‌ನಲ್ಲಿದೆಯಾ, ಪಕ್ಕದಲ್ಲಿ ಯಾರಾದ್ರೂ ನಿಮ್ಮ ಚಾನೆಲ್ ಹಾಕಿದಾರಾ.

ಜಿಲ್ಲಾ_ಕ್ಯಾಮೆರಾ:
ಧನ್ಯವಾದ. ಒಂದು ಅನುಮಾನ: ಲಿಂಕ್ ಹದಗೆಟ್ಟಾಗ ಪಿಸಿಆರ್‌ನವರು ದನಿ ಫೋನಿನಿಂದ, ಚಿತ್ರ ಬ್ಯಾಕ್‌ಪ್ಯಾಕ್‌ನಿಂದ ತಗೋತಾರೆ. ಆಗ ತುಟಿಗೂ ಮಾತಿಗೂ ಹೊಂದಲ್ಲ.

ಆಡಿಯೋ_ಡೆಸ್ಕ್:
ಹೊಂದೋಕೆ ಸಾಧ್ಯವೇ ಇಲ್ಲ. ಫೋನ್ ದನಿ ಬೇಗ ಬರುತ್ತೆ, ಚಿತ್ರ 3 ಸೆಕೆಂಡ್ ಹಿಂದೆ. ಫೋನ್ ದನಿ ತಗೊಂಡರೆ ಚಿತ್ರದ ಬದಲು ವರದಿಗಾರರ ಫೋಟೋ, ನಕ್ಷೆ ಹಾಕಬೇಕು. ಇಲ್ಲದಿದ್ದರೆ ಮೈಕ್ ಕ್ಯಾಮೆರಾದ ಎಕ್ಸ್‌ಎಲ್‌ಆರ್‌ಗೇ (ಮೈಕ್ ಚುಚ್ಚುವ ಸಾಕೆಟ್) ಹೋಗಿ, ಎಸ್‌ಡಿಐನಲ್ಲಿ ಚಿತ್ರದ ಜೊತೆಗೇ ಬರಬೇಕು.

ಆಮೇಲೂ ಚೂರು ವ್ಯತ್ಯಾಸ ಉಳಿದರೆ ಕ್ಯಾಮೆರಾ ಮುಂದೆ ಚಪ್ಪಾಳೆ ತಟ್ಟಿ, ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡಿ ಫ್ರೇಮ್ ಎಣಿಸಿ. 1080ಐ50 ವಿಡಿಯೋ ಫಾರ್ಮ್ಯಾಟ್‌ನಲ್ಲಿ ಸೆಕೆಂಡಿಗೆ 25 ಫ್ರೇಮ್, ಒಂದಕ್ಕೆ 40 ಮಿಲಿಸೆಕೆಂಡ್. ದನಿ 3 ಫ್ರೇಮ್ ಮುಂದಿದ್ದರೆ ಆಡಿಯೋ ಡಿಲೇ 120. ದನಿ ಸ್ವಲ್ಪ ಹಿಂದೆ ಬಿದ್ದರೆ ನೋಡುವವರು ಸಹಿಸ್ತಾರೆ, ಮುಂದೆ ಬಂದರೆ ತಕ್ಷಣ ಕಣ್ಣಿಗೆ ಹೊಡೆಯುತ್ತೆ.

ಮಲೆನಾಡು_ಮಳೆ:
ಇಷ್ಟೆಲ್ಲ ಬದಲು ಓಬಿ ವ್ಯಾನ್ (ಉಪಗ್ರಹಕ್ಕೆ ನೇರ ಕಳಿಸುವ ಗಾಡಿ) ಕೇಳಬಾರದಾ?

ಲಿಂಕ್_ರೂಮ್:
ದೊಡ್ಡ ಸಮಾವೇಶಕ್ಕೆ ಖಂಡಿತ ಕೇಳಿ. ಟವರ್ ಗೊಡವೆ ಇಲ್ಲ. ಉಪಗ್ರಹಕ್ಕೆ ಹೋಗಿ ಬರೋಕೆ ಕಾಲು ಸೆಕೆಂಡ್, ಮೇಲೆ ಎನ್‌ಕೋಡರ್ ಸಮಯ. ಆದರೆ ನಿಮ್ಮ ಹೆಸರಲ್ಲೇ ಉತ್ತರ ಇದೆ: ಕೆಯು ಬ್ಯಾಂಡ್ ವ್ಯಾನ್ 14 ಗಿಗಾಹರ್ಟ್ಸ್ ಸುತ್ತ ಮೇಲಕ್ಕೆ ಕಳಿಸುತ್ತೆ, ಜಡಿಮಳೆ ಅದನ್ನು ನುಂಗುತ್ತೆ. ಆಗ ಪವರ್ ಏರಿಸ್ತಾ ಹೋಗೋದು ಮೊದಲು ಮಾಡುವ ತಪ್ಪು. ಆಂಪ್ಲಿಫೈಯರ್ ಮಿತಿ ಮೀರಿದರೆ ಪಕ್ಕದ ಕ್ಯಾರಿಯರ್ (ಅದೇ ಉಪಗ್ರಹದಲ್ಲಿ ಬೇರೆಯವರು ಕಳಿಸುವ ಸಿಗ್ನಲ್) ಕೆಡುತ್ತೆ, ಉಪಗ್ರಹದ ಕಂಟ್ರೋಲ್ ರೂಮಿನಿಂದ ಫೋನ್ ಬರುತ್ತೆ. ಮೊದಲು ಫೀಡ್ ಹಾರ್ನ್ (ಡಿಶ್ ಎದುರು ಸಿಗ್ನಲ್ ಹೊರಡುವ ಕೊಳವೆ) ಮುಚ್ಚಳದ ಮೇಲಿನ ನೀರು ಒರೆಸಿ. ಕ್ಯಾರಿಯರ್ ಆಫ್ ಮಾಡಿಸಿದ ಮೇಲೆ ಮಾತ್ರ ಆ ಕಡೆ ಕೈ. ಆಮೇಲೆ ಸಿಂಬಲ್ ರೇಟ್ (ಸೆಕೆಂಡಿಗೆ ಕಳಿಸುವ ಸಂಕೇತಗಳ ಸಂಖ್ಯೆ) ಮುಟ್ಟದೆ 8ಪಿಎಸ್‌ಕೆಯಿಂದ ಕ್ಯೂಪಿಎಸ್‌ಕೆಗೆ (ಡೇಟಾ ಕಡಿಮೆ ಒಯ್ದರೂ ಮಳೆಗೆ ಹೆಚ್ಚು ತಾಳುವ ವಿಧಾನ) ಇಳಿಸಿ, ಎನ್‌ಕೋಡರ್ ಬಿಟ್‌ರೇಟನ್ನೂ ಅದಕ್ಕೆ ತಕ್ಕಂತೆ ಕಡಿಮೆ ಮಾಡಿ. ಸ್ಟುಡಿಯೋದಲ್ಲಿರೋದು ಡಿವಿಬಿ-ಎಸ್2 (ಉಪಗ್ರಹ ಪ್ರಸಾರದ ಮಾನದಂಡ) ರಿಸೀವರ್ ಆದರೆ ಈ ಬದಲಾವಣೆಯನ್ನು ಸಾಮಾನ್ಯವಾಗಿ ತಾನೇ ಹಿಡಿದುಕೊಳ್ಳುತ್ತೆ. ವ್ಯಾನ್ ಬಂದರೂ ಬ್ಯಾಕ್‌ಪ್ಯಾಕ್ ಆನ್ ಇಟ್ಟು ಇನ್ನೊಂದು ಸಾಲಿನಲ್ಲಿ ಕಳಿಸ್ತಾ ಇರಿ.