ಸಹಾಯ ಬೇಕು: ಡೈಕಾಸ್ಟ್ ಕಾರು ಸಂಗ್ರಹದಲ್ಲಿ ಯಾವ ದಾರಿ ಹಿಡಿಯಲಿ?

ಎಲ್ಲರಿಗೂ ನಮಸ್ಕಾರ. ನಾಲ್ಕು ವರ್ಷದಿಂದ ಡೈಕಾಸ್ಟ್ ಕಾರು, ಅಂದರೆ ಲೋಹವನ್ನು ಅಚ್ಚಿಗೆ ಹೊಯ್ದು ಮಾಡಿದ ಪುಟ್ಟ ಮಾದರಿ ಕಾರು ಕೂಡಿಡುತ್ತಿದ್ದೇನೆ. ಕಣ್ಣಿಗೆ ಚೆಂದ ಕಂಡಿದ್ದನ್ನೆಲ್ಲ ತಂದೆ. ಈಗ ಕಪಾಟು ತುಂಬಿದೆ, ಆದರೆ ಒಂದಕ್ಕೊಂದು ಸಂಬಂಧವೇ ಇಲ್ಲ. 1:64ರ (ನಿಜವಾದ ಕಾರಿನ 64ನೇ ಒಂದು ಪಾಲು ಉದ್ದದ) ಹೆಬ್ಬೆರಳುದ್ದದ ರೇಸ್ ಕಾರಿನ ಪಕ್ಕ 1:18ರ ಗೇಣುದ್ದದ ಜೀಪು ನಿಂತಿದೆ.

ಇನ್ನು ಮುಂದೆ ಒಂದೇ ವಿಷಯ ಹಿಡಿಯಬೇಕು ಅಂತಿದ್ದೇನೆ. ಅಳತೆ 1:43 ಅಂತ ಹೆಚ್ಚುಕಡಿಮೆ ತೀರ್ಮಾನವಾಗಿದೆ. ಕಾರು 10 ಸೆಂಟಿಮೀಟರ್ ಆಸುಪಾಸು ಇರುತ್ತದೆ, ಒಳಗಿನ ಸ್ಟೀರಿಂಗ್ ಕೂಡ ಕಾಣುತ್ತದೆ, ಜಾಗವೂ ಜಾಸ್ತಿ ಬೇಡ.

ಆದರೆ ವಿಷಯ ಯಾವುದು? ಮನಸ್ಸು ಪೋರ್ಷೆ 911 ಸ್ಪೋರ್ಟ್ಸ್ ಕಾರಿನ ಕಡೆ ಎಳೆಯುತ್ತಿದೆ. 1963ರಲ್ಲಿ ಮೊದಲ ಸಲ ಪ್ರದರ್ಶನಕ್ಕೆ ಬಂದ ಕಾರು, ಇವತ್ತಿಗೂ ತಯಾರಾಗುತ್ತಿದೆ. ಎಲ್ಲವನ್ನೂ ಸಾಲಾಗಿ ಇಟ್ಟರೆ, ಹಿಂದಕ್ಕೆ ಇಳಿಯುವ ಆ ಛಾವಣಿಯ ಗೆರೆ ಎಷ್ಟು ಕಡಿಮೆ ಬದಲಾಗಿದೆ ಅಂತ ಕಾಣುತ್ತದೆ ಅಲ್ವಾ? ಇನ್ನೊಂದು ಆಸೆ, ಫ್ರಾನ್ಸಿನ ಲೆ ಮಾನ್ಸ್ 24 ಗಂಟೆ ರೇಸ್ ಗೆದ್ದ ಕಾರುಗಳು. ಅದು ಶುರುವಾಗಿದ್ದು 1923ರಲ್ಲಿ, ಹಾಗಾಗಿ ಪಟ್ಟಿ ಬಹಳ ಉದ್ದ.

ಹಳೇ ಆಟಿಕೆ ಕಾರುಗಳೂ ಇಷ್ಟ, ಆದರೆ ಭಯವಿದೆ. ನನ್ನ ಒಂದು ಹಳೇ ಕಾರಿನ ಬಾನೆಟ್ ಅಂಚಿನಲ್ಲಿ ಕೂದಲೆಳೆಯಂಥ ಬಿರುಕು ಬಿಟ್ಟಿದೆ, ಉಗುರು ತಾಗಿದರೆ ಬಣ್ಣ ಉದುರುತ್ತದೆ. ಸತುವಿನ ಮಿಶ್ರಲೋಹದಲ್ಲಿ ಸೀಸ ಬೆರೆತಿದ್ದರೆ ಹೀಗಾಗುತ್ತದಂತೆ. ಕೊಳ್ಳುವ ಮೊದಲೇ ಇದನ್ನು ಗುರುತಿಸುವುದು ಹೇಗೆ?

ಒಂದೇ ಮಾಡೆಲ್ ಹಿಡಿದವರಿಗೆ ಆಮೇಲೆ ಬೇಜಾರಾಯಿತಾ? ಈಗಿರುವ ಬೇರೆ ಕಾರುಗಳನ್ನು ಏನು ಮಾಡಿದಿರಿ? ದಯವಿಟ್ಟು ನಿಮ್ಮ ಅನುಭವ ತಿಳಿಸಿ.