ಉದ್ದನೆಯ ಬೂಷ್ಟಿನ ಎಳೆಯನ್ನು ಬಿಳಿ ರಕ್ತಕಣ ನುಂಗುವುದು ಹೇಗೆ?

ಪ್ರಶ್ನೆ: ವಿಜ್ಞಾನ ಶಿಕ್ಷಕಿ, ತೀರ್ಥಹಳ್ಳಿ

ಎಲ್ಲರಿಗೂ ನಮಸ್ಕಾರ. ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಕಳೆದ ವಾರ ರೋಗನಿರೋಧಕ ಶಕ್ತಿಯ ಪಾಠ ಮಾಡುವಾಗ, ಬಿಳಿ ರಕ್ತಕಣಗಳು ರೋಗಾಣುಗಳನ್ನು ನುಂಗಿ ಕರಗಿಸುತ್ತವೆ ಎಂದು ಎಂದಿನಂತೆ ಹೇಳಿ, ದುಂಡನೆಯ ಕಣವೊಂದು ಪುಟ್ಟ ಬ್ಯಾಕ್ಟೀರಿಯಾವನ್ನು ಒಳಗೆಳೆದುಕೊಳ್ಳುತ್ತಿರುವ ಚಿತ್ರವನ್ನು ಕರಿಹಲಗೆಯ ಮೇಲೆ ಬರೆದೆ. ಆಗ ಒಬ್ಬ ಹುಡುಗಿ ಎದ್ದು ನಿಂತು, "ಮಿಸ್, ಮಳೆಗಾಲದಲ್ಲಿ ಒಡೆದಿಟ್ಟ ತೆಂಗಿನಕಾಯಿ ಹೋಳಿನ ಮೇಲೆ ಬರುವ ಬೂಷ್ಟಿಗೆ ಉದ್ದುದ್ದ ಎಳೆಗಳಿರುತ್ತವಲ್ಲ, ಅಂಥದ್ದು ಮೈಯೊಳಗೆ ಬೆಳೆದರೆ ಈ ಕಣ ಅದನ್ನು ಹೇಗೆ ನುಂಗುತ್ತದೆ?" ಎಂದು ಕೇಳಿದಳು. ಓದಿಕೊಂಡು ಬಂದು ಹೇಳುತ್ತೇನೆ ಎಂದು ತಪ್ಪಿಸಿಕೊಂಡೆ. ಪಠ್ಯಪುಸ್ತಕದಲ್ಲಿ ಉತ್ತರ ಸಿಗಲಿಲ್ಲ.

ಇದರ ಜೊತೆಗೆ ನನ್ನದೂ ಒಂದು ಪ್ರಶ್ನೆಯಿದೆ. 2021ರಲ್ಲಿ ಕೊರೊನಾದಿಂದ ಚೇತರಿಸಿಕೊಳ್ಳುತ್ತಿದ್ದ ನಮ್ಮ ದೊಡ್ಡಪ್ಪನವರಿಗೆ ಕಪ್ಪು ಶಿಲೀಂಧ್ರದ ಸೋಂಕು ತಗುಲಿ, ಜೀವ ಉಳಿದರೂ ಒಂದು ಕಣ್ಣು ಹೋಯಿತು. ಅವರಿಗೆ ಸಕ್ಕರೆ ಕಾಯಿಲೆ ಇತ್ತು. ನಮ್ಮ ಕಡೆ ಆಷಾಢದಲ್ಲಿ ಗೋಡೆ, ಚಪ್ಪಲಿ, ಪುಸ್ತಕ ಎಲ್ಲಕ್ಕೂ ಬೂಷ್ಟು ಹಿಡಿಯುತ್ತದೆ. ಒಂದೇ ಮನೆಯ ಗಾಳಿಯನ್ನು ಉಸಿರಾಡಿದ ನಮಗೆ ಏನೂ ಆಗದೆ ಅವರೊಬ್ಬರಿಗೇ ಏಕೆ ಆಯಿತು?

ಉತ್ತರ 1: ಸೂಕ್ಷ್ಮಜೀವಶಾಸ್ತ್ರದ ಉಪನ್ಯಾಸಕ, ಧಾರವಾಡ

ಮೇಡಂ, ನಿಮ್ಮ ವಿದ್ಯಾರ್ಥಿನಿಗೆ ನೇರವಾದ ಉತ್ತರವೆಂದರೆ, ನುಂಗುವುದಿಲ್ಲ. ಅವಳು ಕೇಳಿದ್ದು ಈ ವಿಷಯದ ತಿರುಳನ್ನೇ.

ಆಸ್ಪರ್ಜಿಲಸ್ ಫ್ಯೂಮಿಗೇಟಸ್ ಎಂಬ ಸಾಮಾನ್ಯ ಬೂಷ್ಟನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅದರ ಬೀಜಕಗಳ ಅಳತೆ 2ರಿಂದ 3 ಮೈಕ್ರೋಮೀಟರ್ ಮಾತ್ರವಾದ್ದರಿಂದ ಅವು ಮೂಗಿನ ಕೂದಲಿಗೂ ಲೋಳೆಗೂ ಸಿಗದೆ ಶ್ವಾಸಕೋಶದ ಗಾಳಿಚೀಲಗಳವರೆಗೆ ಇಳಿದುಬಿಡುತ್ತವೆ. ಅಲ್ಲಿ ಸದಾ ಕಾವಲಿರುವ ಮ್ಯಾಕ್ರೋಫೇಜ್ ಕಣಗಳು ಅವನ್ನು ನುಂಗಿ ಕೊಲ್ಲುತ್ತವೆ; ನಿಮ್ಮ ಚಿತ್ರ ಇಲ್ಲಿಯವರೆಗೆ ಸರಿಯಾಗಿಯೇ ಇದೆ. ತಪ್ಪಿಸಿಕೊಂಡ ಬೀಜಕ ಮಾತ್ರ ಕೆಲವೇ ಗಂಟೆಗಳಲ್ಲಿ ತೇವ ಹೀರಿ ಊದಿಕೊಂಡು, ಮೊಳಕೆಯೊಡೆದು, ಎಳೆಯಾಗಿ ಚಾಚಿಕೊಳ್ಳತೊಡಗುತ್ತದೆ. ಆದ್ದರಿಂದ ಇದು ಬಲಾಬಲದ ಪ್ರಶ್ನೆ ಎನ್ನುವುದಕ್ಕಿಂತ ಹೊತ್ತಿನ ಪ್ರಶ್ನೆ ಎನ್ನುವುದು ಹೆಚ್ಚು ಸರಿ.

ತರಗತಿಯಲ್ಲಿ ಹೇಳಲು ಒಂದು ಲೆಕ್ಕ ಕೊಡುತ್ತೇನೆ. ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣವನ್ನು ಸಿಪ್ಪೆ ಸುಲಿಯದ ತೆಂಗಿನಕಾಯಿಯಷ್ಟು ದೊಡ್ಡದೆಂದು ಭಾವಿಸಿದರೆ, ಬೀಜಕ ಒಂದು ನಿಂಬೆಹಣ್ಣಿನಷ್ಟಿರುತ್ತದೆ. ಒಂದಿಷ್ಟು ಬೆಳೆದ ಎಳೆಯಾದರೋ ಅಡಿಕೆ ಕೊಯ್ಯುವ ದೋಟಿಯಷ್ಟು ಉದ್ದವಿರುತ್ತದೆ. ನಿಂಬೆಹಣ್ಣನ್ನು ನುಂಗಬಹುದು, ದೋಟಿಯನ್ನು ನುಂಗುವುದು ಹೇಗೆ?

ಹಾಗಾಗಿ ನ್ಯೂಟ್ರೋಫಿಲ್‌ಗಳು ಎಳೆಯ ಉದ್ದಕ್ಕೂ ಮುತ್ತಿಕೊಂಡು, ತಮ್ಮ ಒಡಲಲ್ಲಿಟ್ಟುಕೊಂಡ ಕಿಣ್ವಗಳನ್ನೂ, ಹೈಡ್ರೋಜನ್ ಪೆರಾಕ್ಸೈಡ್, ಹೈಪೋಕ್ಲೋರಸ್ ಆಮ್ಲಗಳಂತಹ ಸುಡುವ ರಾಸಾಯನಿಕಗಳನ್ನೂ ಹೊರಗೆ ಸುರಿಯುತ್ತವೆ. ಬಟ್ಟೆ ಬಿಳುಪಾಗಿಸುವ ಬ್ಲೀಚಿನ ಹತ್ತಿರದ ವಸ್ತುವಿದು. ಈ ರಾಸಾಯನಿಕಗಳನ್ನು ತಯಾರಿಸುವ ಕಿಣ್ವವೇ ಹುಟ್ಟಿನಿಂದ ಕೆಟ್ಟಿರುವ ಮಕ್ಕಳಿದ್ದಾರೆ. ಅವರಿಗೆ ಪ್ರಾಣಾಪಾಯ ತರುವ ಸೋಂಕುಗಳಲ್ಲಿ ಆಸ್ಪರ್ಜಿಲಸ್‌ನದು ಮುಂಚೂಣಿಯ ಹೆಸರು.

ಇನ್ನೊಂದು ಉಪಾಯವನ್ನು ಬರ್ಲಿನ್ನಿನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ವಿಜ್ಞಾನಿಗಳು 2004ರಲ್ಲಿ ಕಂಡರು. ನ್ಯೂಟ್ರೋಫಿಲ್ ತನ್ನ ಕೋಶಕೇಂದ್ರದೊಳಗಿನ ಡಿಎನ್‌ಎಯನ್ನೇ ಬಿಚ್ಚಿ ಬಲೆಯಂತೆ ಹೊರಗೆ ಬೀಸುತ್ತದೆ. ಸಾಮಾನ್ಯವಾಗಿ ಅದು ತನ್ನ ಪ್ರಾಣವನ್ನೇ ತೆತ್ತು ಮಾಡುವ ಕೆಲಸ. ಆ ಬಲೆಯಲ್ಲಿ ಅಂಟಿಕೊಂಡಿರುವ ಕ್ಯಾಲ್‌ಪ್ರೊಟೆಕ್ಟಿನ್ ಎಂಬ ಪ್ರೋಟೀನು ಸತು, ಮ್ಯಾಂಗನೀಸುಗಳನ್ನು ಹಿಡಿದಿಟ್ಟುಕೊಂಡು ಶಿಲೀಂಧ್ರವನ್ನು ಉಪವಾಸ ಕೆಡವುತ್ತದೆ.

ಎದುರಿಗಿರುವುದು ನಿಂಬೆಹಣ್ಣೋ ದೋಟಿಯೋ ಎಂಬುದು ಕಣಕ್ಕೆ ತಿಳಿಯುವುದು ಹೇಗೆ ಎಂದು ಆ ಹುಡುಗಿ ಖಂಡಿತ ಕೇಳುತ್ತಾಳೆ. 2014ರಲ್ಲಿ ಪ್ರಕಟವಾದ ವಿವರಣೆ ಸೊಗಸಾಗಿದೆ. ಇಲಾಸ್ಟೇಸ್ ಎಂಬ ಕಿಣ್ವ ಕೋಶಕೇಂದ್ರಕ್ಕೆ ಹೋದರೆ ಮಾತ್ರ ಡಿಎನ್‌ಎ ಬಿಚ್ಚಿಕೊಳ್ಳುತ್ತದೆ. ಬೀಜಕವನ್ನು ನುಂಗಿದಾಗ ಆ ಕಿಣ್ವವೆಲ್ಲ ನುಂಗಿದ ವಸ್ತುವಿರುವ ಚೀಲಕ್ಕೆ ಸುರಿದು ಖರ್ಚಾಗುತ್ತದೆ. ನುಂಗಲಾಗದಿದ್ದರೆ ಅಂಥ ಚೀಲವೇ ಉಂಟಾಗದೆ, ಕಿಣ್ವ ಕೋಶಕೇಂದ್ರದ ದಾರಿ ಹಿಡಿಯುತ್ತದೆ. ಅಳತೆಗೋಲು ಯಾವುದೂ ಬೇಕಿಲ್ಲ. ನುಂಗಲು ಸೋತದ್ದೇ ಸೂಚನೆ.

ಶಿಲೀಂಧ್ರವೆಂದು ಗುರುತು ಹಿಡಿಯುವುದು ಅದರ ಕೋಶಭಿತ್ತಿಯ ಬೀಟಾ ಗ್ಲುಕಾನ್ ಎಂಬ ಸಕ್ಕರೆ ಸರಪಳಿಯಿಂದ. ನಮ್ಮ ದೇಹ ಅದನ್ನು ತಯಾರಿಸುವುದಿಲ್ಲವಾದ್ದರಿಂದ ಗುರುತಿನಲ್ಲಿ ಎಡವಟ್ಟಾಗುವ ಸಂಭವ ಕಡಿಮೆ. ಅದನ್ನು ಹಿಡಿಯುವ ಡೆಕ್ಟಿನ್-1 ಎಂಬ ಗ್ರಾಹಕ ನಮ್ಮ ಕಣಗಳ ಮೈಮೇಲಿದೆ. ನಿದ್ರಿಸುತ್ತಿರುವ ಬೀಜಕ ಮಾತ್ರ ಈ ಸಕ್ಕರೆಯನ್ನು ನೀರು ಹತ್ತದ ಒಂದು ಪ್ರೋಟೀನಿನ ಹೊದಿಕೆಯ ಕೆಳಗೆ ಮರೆಮಾಡಿಕೊಂಡಿರುತ್ತದೆ. ಆ ಹೊದಿಕೆಯಿಂದಾಗಿ ಬೀಜಕ ನಮ್ಮ ಕಣಗಳನ್ನು ಕೆರಳಿಸುವುದಿಲ್ಲ ಎಂದು 2009ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯವರು ತೋರಿಸಿದರು. ಇದು ನಮಗೂ ಒಳ್ಳೆಯದೇ. ಉಸಿರಿಗೆ ಬಂದ ಪ್ರತಿ ಬೀಜಕಕ್ಕೂ ದೊಡ್ಡ ಕಾಳಗ ನಡೆಯುತ್ತಿದ್ದರೆ ಮಲೆನಾಡಿನಲ್ಲಿ ಮಳೆಗಾಲ ಕಳೆಯುವುದೇ ಕಷ್ಟವಾಗುತ್ತಿತ್ತು.

ಉತ್ತರ 2: ವಿಜ್ಞಾನದ ಇತಿಹಾಸದ ಓದುಗ, ಮೈಸೂರು

ಮೇಲಿನ ಉತ್ತರಕ್ಕೆ ಒಂದು ತಿದ್ದುಪಡಿಯೂ ಒಂದು ಹಳೆಯ ಕಥೆಯೂ ಸೇರಲಿ.

ತಿದ್ದುಪಡಿ ಇಷ್ಟೇ: ಎಲ್ಲ ಶಿಲೀಂಧ್ರಗಳ ವಿರುದ್ಧವೂ ನ್ಯೂಟ್ರೋಫಿಲ್ಲೇ ಮುಖ್ಯ ಎಂದು ಮಕ್ಕಳು ತಿಳಿಯಬಾರದು. ಬಾಯಿಯ ಒಳಮೈಯಲ್ಲಿ ಬಿಳಿ ಪದರ ಕಟ್ಟುವ ಕ್ಯಾಂಡಿಡಾವನ್ನು ಅಂಕೆಯಲ್ಲಿಡಲು ಇಂಟರ್‌ಲ್ಯೂಕಿನ್-17 ಎಂಬ ಸಂದೇಶವಸ್ತುವನ್ನು ಹೊರಡಿಸುವ ಟಿ ಕಣಗಳೆಂಬ ಇನ್ನೊಂದು ಬಗೆಯ ಬಿಳಿ ರಕ್ತಕಣಗಳು ಬೇಕೇ ಬೇಕು. ಎಚ್‌ಐವಿ ಸೋಂಕಿನಲ್ಲಿ ಟಿ ಕಣಗಳು ಕುಗ್ಗಿದಾಗ ಬಾಯಿಯಲ್ಲಿ ಕ್ಯಾಂಡಿಡಾ ಹಬ್ಬುವುದು ಇದಕ್ಕೇ. ನ್ಯೂಟ್ರೋಫಿಲ್ ಕುಸಿದವರಲ್ಲಾದರೆ ಅದೇ ಕ್ಯಾಂಡಿಡಾ ರಕ್ತಕ್ಕಿಳಿದು ಒಳ ಅಂಗಗಳನ್ನು ಸೇರುವ ಭಯ ಹೆಚ್ಚು.

ಇನ್ನು ಕಥೆ. ಕಣಗಳು ರೋಗಾಣುವನ್ನು ನುಂಗಿ ದೇಹವನ್ನು ಕಾಯುತ್ತವೆ ಎಂಬ ವಿಚಾರಕ್ಕೆ ಮೊದಲ ದೊಡ್ಡ ಸಾಕ್ಷಿ ಸಿಕ್ಕಿದ್ದು ಬ್ಯಾಕ್ಟೀರಿಯಾದಲ್ಲಲ್ಲ, ಶಿಲೀಂಧ್ರದಲ್ಲಿ. 1884ರಲ್ಲಿ ಇಲ್ಯಾ ಮೆಚ್ನಿಕಾಫ್ ಡಾಫ್ನಿಯಾ ಎಂಬ ನೀರುಚಿಗಟದ ಪಾರದರ್ಶಕ ಮೈಯೊಳಗೆ ಸೂಕ್ಷ್ಮದರ್ಶಕದಿಂದ ನೋಡಿದಾಗ, ಅದು ನುಂಗಿದ್ದ ಯೀಸ್ಟಿನ ಸೂಜಿಯಂಥ ಬೀಜಕಗಳು ಕರುಳನ್ನು ಚುಚ್ಚಿ ಹೊರಬರುತ್ತಿದ್ದುದೂ, ಕಣಗಳು ಅವನ್ನು ಸುತ್ತುವರಿದು ಕರಗಿಸುತ್ತಿದ್ದುದೂ ಕಂಡವು. ಕಣಗಳು ಗೆದ್ದರೆ ಡಾಫ್ನಿಯಾ ಬದುಕುತ್ತಿತ್ತು. ಒಂದೆರಡು ಬೀಜಕ ತಪ್ಪಿಸಿಕೊಂಡು ಮೊಳೆತರೆ ಸಾಯುತ್ತಿತ್ತು. 1908ರಲ್ಲಿ ಅವರಿಗೆ ಪಾಲ್ ಎರ್ಲಿಕ್ ಅವರೊಂದಿಗೆ ನೊಬೆಲ್ ಬಂತು. ಹೊತ್ತಿನ ಪ್ರಶ್ನೆ ಎಂದು ಉಪನ್ಯಾಸಕರು ಹೇಳಿದ್ದು ಆ ಪುಟ್ಟ ಜೀವಿಯಲ್ಲೇ ಕಣ್ಣಿಗೆ ಕಂಡಿತ್ತು.

ಉತ್ತರ 3: ರೋಗಶಾಸ್ತ್ರ ವೈದ್ಯೆ, ಮಂಗಳೂರು

ನಿಮ್ಮ ದೊಡ್ಡಪ್ಪನವರ ದಾಖಲೆಗಳನ್ನು ನೋಡದೆ ಅವರ ವಿಷಯದಲ್ಲಿ ಖಚಿತವಾಗಿ ಹೇಳುವುದು ಸರಿಯಲ್ಲ. ಮ್ಯೂಕರ್‌ಮೈಕೋಸಿಸ್ ಎಂಬ ಆ ರೋಗ ಹೇಗೆ ದಾರಿ ಮಾಡಿಕೊಳ್ಳುತ್ತದೆ ಎಂಬುದನ್ನು ಮಾತ್ರ ವಿವರಿಸುತ್ತೇನೆ.

ಅದಕ್ಕೆ ಹೆಚ್ಚಾಗಿ ಕಾರಣವಾಗುವ ರೈಜೋಪಸ್, ಹಳಸಿದ ಬ್ರೆಡ್ಡಿನ ಮೇಲೆ ಬರುವ ಬೂಷ್ಟಿನ ಜಾತಿಯದೇ. ಅದರ ಬೀಜಕವನ್ನು ಮ್ಯಾಕ್ರೋಫೇಜ್ ನುಂಗುತ್ತದೆ, ಆದರೆ ಸುಲಭವಾಗಿ ಕೊಲ್ಲಲಾರದು. ಬದಲಿಗೆ ಅದನ್ನು ಒಳಗೇ ಕೂಡಿಹಾಕಿ, ಕಬ್ಬಿಣದ ಅಂಶ ಸಿಗದಂತೆ ಮಾಡಿ, ಮೊಳೆಯದ ಹಾಗೆ ನೋಡಿಕೊಳ್ಳುತ್ತದೆ ಎಂದು 2018ರ ಪ್ರಯೋಗಗಳು ತೋರಿಸಿವೆ. ಸಕ್ಕರೆ ಕಾಯಿಲೆ ಕೈಮೀರಿ ರಕ್ತದಲ್ಲಿ ಕೀಟೋನ್ ಆಮ್ಲ ಹೆಚ್ಚಿದಾಗ, ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುವ ಟ್ರಾನ್ಸ್‌ಫೆರಿನ್ ತನ್ನ ಹಿಡಿತ ಸಡಿಲಿಸುವುದರಿಂದ ಶಿಲೀಂಧ್ರಕ್ಕೆ ಬೇಕಾದ ಕಬ್ಬಿಣ ಧಾರಾಳವಾಗಿ ಸಿಗುತ್ತದೆ. ಹಿಂದೆ ಡಯಾಲಿಸಿಸ್ ರೋಗಿಗಳಿಗೆ ಮೈಯಲ್ಲಿ ಹೆಚ್ಚಾದ ಲೋಹವನ್ನು ತೆಗೆಯಲು ಡಿಫೆರಾಕ್ಸಮೈನ್ ಎಂಬ ಔಷಧ ಕೊಟ್ಟಾಗ ಕೆಲವರಲ್ಲಿ ಇದೇ ರೋಗ ಕಾಣಿಸಿಕೊಂಡಿತ್ತು. ಆ ಔಷಧ ಹಿಡಿದ ಕಬ್ಬಿಣವನ್ನು ರೈಜೋಪಸ್ ಕಿತ್ತುಕೊಂಡು ತಿನ್ನಬಲ್ಲದು ಎಂದು ಆಮೇಲೆ ತಿಳಿಯಿತು.

ಇದರ ಮೇಲೆ ಸ್ಟೀರಾಯ್ಡ್. ಆಮ್ಲಜನಕದ ನೆರವು ಬೇಕಾದ ಕೊರೊನಾ ರೋಗಿಗಳ ಜೀವವನ್ನು ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ಉಳಿಸಿದೆ. ಅದನ್ನು ದೂರುವುದು ತಪ್ಪು. ಆದರೆ ಅದು ರಕ್ತದ ಸಕ್ಕರೆಯನ್ನು ಏರಿಸುತ್ತದೆ, ಕಾವಲು ಕಣಗಳನ್ನು ಮಂದಗೊಳಿಸುತ್ತದೆ. ಸ್ಟೀರಾಯ್ಡ್ ಕೊಟ್ಟವರ ರಕ್ತಪರೀಕ್ಷೆಯಲ್ಲಿ ನ್ಯೂಟ್ರೋಫಿಲ್ ಸಂಖ್ಯೆ ಹೆಚ್ಚಿಯೇ ಕಾಣುತ್ತದೆ. ರಕ್ತನಾಳದ ಗೋಡೆಗೆ ಅಂಟಿಕೊಂಡಿದ್ದವು ಹರಿವಿಗೆ ಬಿಟ್ಟುಕೊಂಡದ್ದೇ ಅದಕ್ಕೆ ದೊಡ್ಡ ಕಾರಣ. ಸೋಂಕಿನ ಜಾಗಕ್ಕೆ ಇಳಿಯುವವು ಮಾತ್ರ ಕಡಿಮೆ. ನನ್ನ ಕಿರಿಯ ಸಹೋದ್ಯೋಗಿಗಳು ಮತ್ತೆ ಮತ್ತೆ ಮೋಸಹೋಗುವ ಜಾಗವಿದು.

ಪ್ರಶ್ನೆ ಕೇಳಿದವರು

ಮೂವರಿಗೂ ಧನ್ಯವಾದಗಳು. ದೋಟಿಯ ಲೆಕ್ಕವನ್ನು ನಾಳೆಯೇ ಹೇಳುತ್ತೇನೆ. ಡಾಕ್ಟರೇ, ಒಂದು ಸಣ್ಣ ಸಂದೇಹ: ಗೋಡೆಯ ಮೇಲಿನ ಕಪ್ಪು ಬೂಷ್ಟೇ ಕಪ್ಪು ಶಿಲೀಂಧ್ರವೆಂದು ಮನೆಯಲ್ಲಿ ಎಲ್ಲರೂ ನಂಬಿದ್ದಾರೆ. ಅದು ನಿಜವೇ?

ಉತ್ತರ 3ರ ವೈದ್ಯೆ

ಅಲ್ಲ. ಕಪ್ಪಾಗುವುದು ಶಿಲೀಂಧ್ರವಲ್ಲ, ನಮ್ಮದೇ ಮಾಂಸ. ರೈಜೋಪಸ್‌ನ ಅಗಲವಾದ ಎಳೆಗಳು ರಕ್ತನಾಳದ ಗೋಡೆಯನ್ನು ಕೊರೆದು ಒಳಹೊಕ್ಕು, ರಕ್ತ ಹೆಪ್ಪುಗಟ್ಟಿಸಿ ದಾರಿ ಮುಚ್ಚುತ್ತವೆ; ರಕ್ತವಿಲ್ಲದ ಭಾಗ ಸತ್ತು ಕಪ್ಪಾಗುತ್ತದೆ. ನ್ಯೂಟ್ರೋಫಿಲ್ ಬರುವುದೂ ಆ ರಕ್ತದಲ್ಲೇ, ಆಂಫೊಟೆರಿಸಿನ್ ಔಷಧ ಬರುವುದೂ ಆ ರಕ್ತದಲ್ಲೇ. ದಾರಿ ಮುಚ್ಚಿದ ಜಾಗಕ್ಕೆ ಎರಡೂ ತಲುಪುವುದಿಲ್ಲವಾದ್ದರಿಂದ, ಸತ್ತ ಭಾಗವನ್ನು ಶಸ್ತ್ರಚಿಕಿತ್ಸೆಯಿಂದ ಕತ್ತರಿಸಿ ತೆಗೆಯಬೇಕಾಗುತ್ತದೆ. ಈ ರೋಗದಲ್ಲಿ ಕೆಲವರ ಕಣ್ಣನ್ನೂ ತೆಗೆಯಬೇಕಾಗಿ ಬಂದದ್ದು ಹೀಗೆ.